ಉಗುರು ಮುರಿಯುತ್ತಿದೆಯಾ, ಪದರ ಬಿಡುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್‌ನಲ್ಲಿ ಮನೆಗೆ ಅವರೆಕಾಯಿ ಬಂತು ಅಂದರೆ ನನ್ನ ಉಗುರಿಗೆ ಗ್ರಹಚಾರ ಶುರು. ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಮುಂದಿಟ್ಟುಕೊಂಡು ಹಿದುಕಲು ಕೂತರೆ ಒಂದು ಗಂಟೆ ಕೈ ನೀರಲ್ಲೇ ಇರುತ್ತದೆ. ಹೆಬ್ಬೆರಳಿನ ಉಗುರು ಮೊದಲು ಮೆತ್ತಗಾಗುತ್ತದೆ. ಮಾರನೇ ದಿನ ಅದರ ತುದಿ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ನಿಲ್ಲುತ್ತದೆ. ಆಮೇಲೆ ಸೀರೆ ಉಟ್ಟರೂ ಸಿಕ್ಕಿಹಾಕಿಕೊಳ್ಳುತ್ತದೆ, ತಲೆ ಬಾಚಿದರೂ ಎಳೆಯುತ್ತದೆ.

ಇದರ ಬಗ್ಗೆ ಒಂದಿಷ್ಟು ಓದಿದ್ದೇನೆ, ಚರ್ಮದ ಡಾಕ್ಟರ ಹತ್ತಿರ ಕೂತು ಕೇಳಿದ್ದೇನೆ, ನನ್ನ ಹತ್ತು ಬೆರಳಿನ ಮೇಲೆ ಪ್ರಯೋಗವನ್ನೂ ಮಾಡಿದ್ದೇನೆ. ನೆಂಟರು, ಅಕ್ಕಪಕ್ಕದವರು ನನ್ನನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರಲ್ಲ. ಎಲ್ಲಿ ಡಾಕ್ಟರ್ ಬೇಕೋ ಅಲ್ಲಿ ಹಾಗೆಂದೇ ಬರೆದಿದ್ದೇನೆ.

ಉಗುರು ಮುರಿಯುವುದು ಕ್ಯಾಲ್ಸಿಯಂ ಕಮ್ಮಿ ಆದಾಗ ಅಲ್ವಾ?

ಎಲ್ಲರೂ ಮೊದಲು ಕೇಳುವುದೇ ಇದು. ಅಲ್ಲ. ಉಗುರು ಮೂಳೆಯ ಜಾತಿಗೆ ಸೇರಿದ್ದಲ್ಲ, ಕೂದಲಿನ ಜಾತಿಗೆ ಸೇರಿದ್ದು. ಕೂದಲು, ದನದ ಕೊಂಬು, ಕುದುರೆ ಗೊರಸು, ನಮ್ಮ ಉಗುರು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಉಗುರಿನ ತೂಕದಲ್ಲಿ ಕ್ಯಾಲ್ಸಿಯಂ ಇರುವುದು ಶೇ. 0.1ರಿಂದ 0.2ರಷ್ಟು ಮಾತ್ರ. ಗಟ್ಟಿತನ ಬರುವುದು ಆ ಪ್ರೋಟೀನಿನ ಎಳೆಗಳನ್ನು ಕಟ್ಟಿ ಹಿಡಿದಿರುವ ಗಂಧಕದ ಕೊಂಡಿಗಳಿಂದ. ಹಾಗಾಗಿ ರಾಗಿ ಮುದ್ದೆ, ಹಾಲು ಧಾರಾಳವಾಗಿ ತಿನ್ನಿ, ಕುಡಿಯಿರಿ. ಮೂಳೆಗೆ ಒಳ್ಳೆಯದು. ಉಗುರಿಗೆ ಅಂತ ಕ್ಯಾಲ್ಸಿಯಂ ಮಾತ್ರೆ ನುಂಗಬೇಕಿಲ್ಲ.

ಮತ್ತೆ ಮುರಿಯುವುದು ಯಾಕೆ?

ಹೆಚ್ಚಿನವರಲ್ಲಿ ಕಾರಣ ನೀರು. ನೀರಿಗಿಂತಲೂ, ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಆಟ.

ಚಿರೋಟಿ ನೆನಪಿಸಿಕೊಳ್ಳಿ. ಪದರದ ಮೇಲೆ ಪದರ, ಮಧ್ಯೆ ಜಿಡ್ಡು. ಉಗುರೂ ಹಾಗೇ, ಸತ್ತ ಜೀವಕೋಶಗಳು ಚಪ್ಪಟೆಯಾಗಿ ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ಚರ್ಮಕ್ಕಿಂತ ಉಗುರು ಬೇಗ ನೀರು ಹೀರುತ್ತದೆ, ಬೇಗ ಬಿಡುತ್ತದೆ. ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಪದರಗಳ ಅಂಟು ಸಡಿಲವಾಗುತ್ತದೆ. ಪಾತ್ರೆ ಸೋಪು ಇರುವ ಒಂಚೂರು ಜಿಡ್ಡನ್ನೂ ತೊಳೆದುಹಾಕುತ್ತದೆ. ಸ್ಯಾನಿಟೈಸರ್‌ನಲ್ಲಿರುವ ಆಲ್ಕೋಹಾಲ್ ಉಳಿದದ್ದನ್ನು ಒಣಗಿಸುತ್ತದೆ.

ಈ ತೊಂದರೆ ನೂರಕ್ಕೆ ಸುಮಾರು ಇಪ್ಪತ್ತು ಜನರಲ್ಲಿದೆ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಅಂತ ಚರ್ಮರೋಗದ ಪುಸ್ತಕಗಳು ಹೇಳುತ್ತವೆ. ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಅಂತ ನೋಡಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ. ವಯಸ್ಸಾದಂತೆ ಉಗುರಿನ ಜಿಡ್ಡು ಕಮ್ಮಿಯಾಗುವುದೂ ಇದೆ.

ನನ್ನ ಉಗುರು ಚಟಕ್ಕನೆ ಮುರಿಯುವುದಿಲ್ಲ, ಕಾಗದದ ಹಾಗೆ ಬಾಗುತ್ತದೆ. ಎರಡೂ ಒಂದೇನಾ?

ಒಂದೇ ಅಲ್ಲ, ಆರೈಕೆಯೂ ಬೇರೆ. ಉಗುರಿನ ತುದಿಯನ್ನು ಇನ್ನೊಂದು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಬಾಗದೆ ಟಕ್ ಅಂತ ಸೀಳಿದರೆ ಅದು ಒಣಗಿದ ಉಗುರು, ಅದಕ್ಕೆ ಎಣ್ಣೆ ಬೇಕು. ಬಾಗಿ ಬಾಗಿ ಕೊನೆಗೆ ಹರಿದರೆ ಅದು ನೆಂದು ನೆಂದು ಮೆತ್ತಗಾದದ್ದು. ಅದಕ್ಕೆ ಬೇಕಾದ್ದು ಒಣ ಕೈ. ಮೆತ್ತಗಿನ ಉಗುರನ್ನು ಮತ್ತೆ ನೀರಲ್ಲಿ ನೆನೆಸಿ ಆರೈಕೆ ಮಾಡಲು ಹೋದರೆ ಇನ್ನಷ್ಟು ಹಾಳು.

ಬುಡದಿಂದ ತುದಿವರೆಗೆ ಉದ್ದುದ್ದ ಗೆರೆ ಇದ್ದರೆ ಹೆದರಬೇಡಿ. ಐವತ್ತು ದಾಟಿದವರಲ್ಲಿ ಸಾಮಾನ್ಯ, ಮುಖದ ಸುಕ್ಕಿನ ಹಾಗೆ. ಅದನ್ನು ಉಜ್ಜಿ ಸಪಾಟು ಮಾಡಲು ಮಾತ್ರ ಹೋಗಬೇಡಿ, ಉಗುರು ತೆಳ್ಳಗಾಗುತ್ತದೆ.

ಪಾತ್ರೆ ತೊಳೆಯದೆ, ಬಟ್ಟೆ ಒಗೆಯದೆ ಇರೋಕಾಗುತ್ತಾ?

ಆಗಲ್ಲ. ನಾನು ಒಂದು ಭಾನುವಾರ ಸುಮ್ನೆ ಎಣಿಸಿದೆ. ಮಧ್ಯಾಹ್ನದ ಊಟದೊಳಗೆ 23 ಸಲ ಕೈ ಒದ್ದೆಯಾಗಿತ್ತು. ಅಕ್ಕಿ ತೊಳೆದಾಗ ಒಂದು, ಸೊಪ್ಪಿಗೆ ಮೂರು, ಕಾಫಿ ಲೋಟ ತೊಳೆದದ್ದೇ ಐದಾರು ಸಲ. ಎಣಿಸಿದ ಮೇಲೆ ಒಂದು ಅಭ್ಯಾಸ ಬದಲಾಯಿಸಿದೆ. ಬಿಡಿ ಬಿಡಿಯಾಗಿ ಲೋಟ ತೊಳೆಯುವುದನ್ನು ನಿಲ್ಲಿಸಿ, ಎಲ್ಲವನ್ನೂ ಸಿಂಕಿನ ಪಕ್ಕ ಇಟ್ಟು ಎರಡೇ ಸಲಕ್ಕೆ ಮುಗಿಸುತ್ತೇನೆ. ಒದ್ದೆಯಾಗುವ ಸಮಯ ಅಷ್ಟೇ ಇರಬಹುದು, ಆದರೆ ಒದ್ದೆ-ಒಣ ಆಟದ ಸಂಖ್ಯೆ ಇಳಿಯುತ್ತದೆ. ನನ್ನ ಮಟ್ಟಿಗೆ ಇದರಷ್ಟು ಕೆಲಸ ಮಾಡಿದ್ದು ಬೇರೊಂದಿಲ್ಲ, ಯಾವ ಎಣ್ಣೆಯೂ ಅಲ್ಲ.

ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಬರೀ ರಬ್ಬರ್ ಆದರೆ ಒಳಗೆ ಬೆವರಿ ಕೈ ಮತ್ತೆ ನೆಂದೇ ಹೋಗುತ್ತದೆ, ಅದಕ್ಕೆ ಒಳಗೊಂದು ತೆಳು ಹತ್ತಿ ಗ್ಲೌಸ್ ಇರಲಿ. "ಗ್ಲೌಸ್ ಹಾಕಿದರೆ ಜಿಡ್ಡು ಹೋಗಿದ್ದು ಗೊತ್ತಾಗಲ್ಲ" ಅಂತ ನಮ್ಮ ಅತ್ತೆ ಈಗಲೂ ಹೇಳುತ್ತಾರೆ. ಅವರ ಮಾತೂ ನಿಜವೇ. ನಾನು ಕೊನೆಯಲ್ಲಿ ಒಂದು ಸಲ ಬರಿಗೈಯಲ್ಲಿ ಮುಟ್ಟಿ ನೋಡುತ್ತೇನೆ. ಸ್ಟೀಲ್ ನಾರಿನಿಂದ ಉಜ್ಜುವಾಗಲಂತೂ ಗ್ಲೌಸ್ ಬೇಕೇ ಬೇಕು. ಆ ನಾರು ಬಾಣಲೆಯ ಜೊತೆ ಉಗುರನ್ನೂ ಕೆರೆಯುತ್ತದೆ.

ಯಾವ ಎಣ್ಣೆ ಹಚ್ಚಬೇಕು? ಹೇಗೆ?

ಮನೆಯಲ್ಲಿರುವ ಎಣ್ಣೆ ಸಾಕು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಎಳ್ಳೆಣ್ಣೆ, ತುಪ್ಪ ಯಾವುದಾದರೂ ಸರಿ. ವ್ಯಾಸಲೀನ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅದು ನೀರು ಆರಿಹೋಗದಂತೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ಎಣ್ಣೆ ಉಗುರಿಗೆ ಶಕ್ತಿ ತುಂಬುವುದಿಲ್ಲ. ಒಳಗಿನ ತೇವವನ್ನು ಹಿಡಿದಿಡುತ್ತದೆ, ಅಷ್ಟೆ.

ಚಟಕ್ಕನೆ ಮುರಿಯುವ ಒಣ ಉಗುರಿಗೆ ನಾನು ಮಾಡುವುದು ಇದು. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು. ಈ ಅಳತೆಗೆ ನಮ್ಮ ಭಾಷೆಯಲ್ಲಿ ಉಗುರಿನ ಹೆಸರೇ ಇದೆ ನೋಡಿ. ಅದರಲ್ಲಿ ಹತ್ತು ಹದಿನೈದು ನಿಮಿಷ ಬೆರಳ ತುದಿ ಅದ್ದಿ ಕೂರುತ್ತೇನೆ. ಟವೆಲಿನಿಂದ ಒತ್ತಿ ಒರೆಸಿ, ಪಸೆ ಇನ್ನೂ ಇರುವಾಗಲೇ ಎಣ್ಣೆ ಹಚ್ಚುತ್ತೇನೆ. ಉಗುರಿನ ಮೇಲೆ ಮಾತ್ರ ಅಲ್ಲ, ಅಂಚಿನ ಕೆಳಗೆ ಮತ್ತು ಬುಡದ ಚರ್ಮಕ್ಕೂ. ಉಗುರು ಹುಟ್ಟುವುದು ಆ ಬುಡದ ಚರ್ಮದ ಒಳಗೆ. ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರನ ಹಾಗೆ ಬಿಳಿಯಾಗಿ ಕಾಣುವುದು ಆ ಜಾಗದ ಅಂಚು.

ಎಣ್ಣೆ ಹಚ್ಚಿದ ಕೂಡಲೇ ಮೊಬೈಲ್ ಹಿಡಿದರೆ ಎಣ್ಣೆಯೆಲ್ಲ ಸ್ಕ್ರೀನಿಗೆ. ಹಳೆಯ ಹತ್ತಿ ಸಾಕ್ಸ್ ಇದ್ದರೆ ಕೈಗೆ ಹಾಕಿಕೊಂಡು ಮಲಗಿ. ಮನೆಯವರು ನಗುತ್ತಾರೆ, ನಗಲಿ.

ಹಗಲಲ್ಲಿ ಇಷ್ಟೆಲ್ಲ ಬೇಡ. ಕೈ ತೊಳೆದ ಮೇಲೆ ಒಂದು ಹನಿ ಸಾಕು. ಸಿಂಕಿನ ಹತ್ತಿರ ಸಣ್ಣ ಡಬ್ಬಿ ಇಟ್ಟರೆ ಮರೆಯುವುದಿಲ್ಲ. ಇದರಿಂದ ಆಗದಿದ್ದರೆ ಮೆಡಿಕಲ್ ಶಾಪಿನಲ್ಲಿ ಯೂರಿಯಾ ಇರುವ ಕ್ರೀಮ್ ಸಿಗುತ್ತದೆ, ಅದು ನೀರನ್ನು ಹಿಡಿದಿಡುವುದರಲ್ಲಿ ಎಣ್ಣೆಗಿಂತ ಜೋರು.

ಎಷ್ಟು ದಿನಕ್ಕೆ ಸರಿಹೋಗುತ್ತದೆ?

ದಿನದ ಲೆಕ್ಕ ಬಿಡಿ, ತಿಂಗಳ ಲೆಕ್ಕ ಹಾಕಿ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಆರು ತಿಂಗಳು ಬೇಕು. ಕಾಲಿನದು ಇನ್ನೂ ನಿಧಾನ, ಒಂದು ವರ್ಷದಿಂದ ಒಂದೂವರೆ ವರ್ಷ. ಹೊರಗೆ ಕಾಣುವ ಉಗುರು ಸತ್ತ ವಸ್ತು. ಅದನ್ನು ರಿಪೇರಿ ಮಾಡಲಾಗದು, ಇನ್ನಷ್ಟು ಹಾಳಾಗದಂತೆ ನೋಡಿಕೊಳ್ಳಬಹುದು.

ನಂಬಿಕೆ ಬರದಿದ್ದರೆ ಮದರಂಗಿ ಹಾಕಿಕೊಂಡು ನೋಡಿ. ಕಳೆದ ಸಲ ನಾಗರಪಂಚಮಿಗೆ ಹಾಕಿಕೊಂಡಿದ್ದೆ. ಅಂಗೈಯ ಬಣ್ಣ ಎರಡು ವಾರದಲ್ಲಿ ಹೋಯಿತು, ಉಗುರಿನದು ಹೋಗಲಿಲ್ಲ. ಅದರ ಬಣ್ಣ ಕೆರಾಟಿನ್ನಿಗೇ ಅಂಟಿಕೊಳ್ಳುವುದರಿಂದ ಉಗುರಿನ ಜೊತೆಗೇ ಮುಂದೆ ಸಾಗುತ್ತದೆ. ಗಣೇಶನ ಹಬ್ಬದ ಹೊತ್ತಿಗೆ ಬುಡದಲ್ಲಿ ಬಣ್ಣವಿಲ್ಲದ ಹೊಸ ಉಗುರಿನ ಪಟ್ಟಿ ಕಂಡಿತು. ದೀಪಾವಳಿಗೆ ಅರ್ಧ ಉಗುರು ಬಿಳಿ, ಅರ್ಧ ಕಿತ್ತಳೆ. ಸಂಕ್ರಾಂತಿಗೆ ತುದಿಯಲ್ಲೊಂದು ಗೆರೆ ಮಾತ್ರ ಉಳಿದಿತ್ತು. ಎಣ್ಣೆ ಹಚ್ಚಿ ಎರಡೇ ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡುವವರಿಗೆ ಈ ಗೆರೆಯನ್ನೇ ತೋರಿಸುತ್ತೇನೆ.

ಉಗುರು ಯಾವಾಗ, ಹೇಗೆ ಕತ್ತರಿಸಬೇಕು?

ಸ್ನಾನ ಆದ ಮೇಲೆ, ಮೆತ್ತಗಿರುವಾಗ. ಒಣಗಿದ ಉಗುರಿಗೆ ಕಟರ್ ಹಾಕಿದರೆ ಸಿಡಿದು ಸೀಳುತ್ತದೆ. ಒಂದೇ ಏಟಿಗೆ ಕತ್ತರಿಸದೆ ಒಂದು ಬದಿಯಿಂದ ಸ್ವಲ್ಪ ಸ್ವಲ್ಪವೇ ಬನ್ನಿ. ಆಮೇಲೆ ಉಗುರು ಒಣಗಿದ ಮೇಲೆ ನಯವಾದ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ. ಗರಗಸದ ಹಾಗೆ ಆ ಕಡೆ ಈ ಕಡೆ ಎಳೆದರೆ ಪದರಗಳು ಏಳುತ್ತವೆ. ಮೂಲೆ ಚೂಪಾಗಿರದೆ ದುಂಡಗಿರಲಿ.

ಪದರ ಬಿಡುವ ಉಗುರನ್ನು ಬೆರಳ ತುದಿಯ ಮಟ್ಟಕ್ಕೆ ಗಿಡ್ಡ ಇಡಿ. ಉದ್ದ ಬಿಟ್ಟಷ್ಟೂ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ. ಎದ್ದ ಪದರವನ್ನು ಹಲ್ಲಿನಿಂದ ಎಳೆಯುವ ಚಪಲ ಎಲ್ಲರಿಗೂ ಇರುತ್ತದೆ, ಅದು ಅರ್ಧ ಉಗುರಿನವರೆಗೆ ಕಿತ್ತು ಬರುತ್ತದೆ.

ದೀಪ ಹಚ್ಚಿದ ಮೇಲೆ ಬೇಡ, ಮಂಗಳವಾರ ಬೇಡ, ಶುಕ್ರವಾರ ಬೇಡ ಅನ್ನುವುದು ಪ್ರತಿ ಮನೆಯಲ್ಲೂ ಇದೆ. ವಾರದ ವಿಷಯ ನಿಮ್ಮ ನಿಮ್ಮ ಮನೆಗೆ ಬಿಟ್ಟದ್ದು. ಬುಡ್ಡಿ ದೀಪದ ಬೆಳಕಲ್ಲಿ ಬ್ಲೇಡು ಹಿಡಿದು ಉಗುರು ತೆಗೆಯುತ್ತಿದ್ದ ಕಾಲದಲ್ಲಿ ಮೊದಲನೆಯ ಮಾತು ಬುದ್ಧಿವಂತಿಕೆಯದ್ದೇ.

ಬುಡದ ಚರ್ಮವನ್ನು ಕತ್ತರಿಸಬೇಡಿ, ಹಿಂದಕ್ಕೆ ತಳ್ಳಬೇಡಿ. ಅದು ಕೊಳೆ, ಕೀಟಾಣು ಒಳಗೆ ಹೋಗದಂತೆ ಇರುವ ಬಾಗಿಲು.

ನೇಲ್ ಪಾಲಿಶ್ ಬಿಡಬೇಕಾ?

ಪಾಲಿಶಿಗಿಂತ ಅದನ್ನು ತೆಗೆಯುವ ರಿಮೂವರ್ ದೊಡ್ಡ ಶತ್ರು. ಬಣ್ಣದ ಪದರ ಉಗುರಿನ ನೀರು ಆರುವುದನ್ನು ಸ್ವಲ್ಪ ತಡೆಯುತ್ತದೆ ಕೂಡ. ಆದರೆ ಅಸಿಟೋನ್ ಇರುವ ರಿಮೂವರ್ ಜಿಡ್ಡನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ವಾರಕ್ಕೊಂದು ಸಲಕ್ಕಿಂತ ಜಾಸ್ತಿ ಬಳಸಬೇಡಿ. ಬಳಸಿದ ಮೇಲೆ ಕೈ ತೊಳೆದು ಎಣ್ಣೆ ಹಚ್ಚಿ.

ಉಗುರು ಗಟ್ಟಿ ಮಾಡುತ್ತೇವೆ ಅಂತ ಮಾರುವ ಹಾರ್ಡ್‌ನರ್ ಬಗ್ಗೆ ಹುಷಾರು. ಕೆಲವದರಲ್ಲಿ ಫಾರ್ಮಾಲ್ಡಿಹೈಡ್ ಜಾತಿಯ ರಾಸಾಯನಿಕ ಇರುತ್ತದೆ. ಮೊದಲ ಕೆಲವು ವಾರ ಉಗುರು ನಿಜಕ್ಕೂ ಗಟ್ಟಿಯಾಗುತ್ತದೆ. ಹಚ್ಚುತ್ತಲೇ ಹೋದರೆ ಬಾಗುವ ಗುಣ ಕಳೆದುಕೊಂಡು ಗಾಜಿನ ಹಾಗೆ ಒಡೆಯುತ್ತದೆ. ಪಾಲಿಶಿನ ಅಲರ್ಜಿಗೆ ಇನ್ನೊಂದು ವಿಚಿತ್ರ ಗುಣವಿದೆ. ತುರಿಕೆ ಬರುವುದು ಬೆರಳಿಗಲ್ಲ, ಕಣ್ಣಿನ ರೆಪ್ಪೆಗೆ, ಕತ್ತಿಗೆ. ಕೈ ಎಲ್ಲೆಲ್ಲಿ ಮುಟ್ಟುತ್ತದೋ ಅಲ್ಲಿಗೆ.

ಜೆಲ್ ಪಾಲಿಶ್ ನಾನು ಒಂದೇ ಸಲ ಹಾಕಿಸಿದ್ದು, ತಂಗಿಯ ಮಗಳ ಮದುವೆಗೆ. ತೆಗೆಸಲು ಹೋದಾಗ ಪಾರ್ಲರಿನ ಹುಡುಗಿಗೆ ಅವಸರ. ನೆನೆಯಲು ಬಿಡದೆ ಕಡ್ಡಿ ಹಾಕಿ ಮೀಟಿದಳು. ಬಣ್ಣದ ಜೊತೆ ಉಗುರಿನ ಮೇಲ್ಪದರವೂ ಬಂತು. ಬಿಸಿ ಕಾಫಿ ಲೋಟ ಹಿಡಿದರೂ ಉಗುರು ಉರಿಯುತ್ತಿತ್ತು. ಪೂರ್ತಿ ಸರಿಹೋಗಲು, ಮೇಲಿನ ಲೆಕ್ಕದ ಹಾಗೆಯೇ, ಆರು ತಿಂಗಳು ಹಿಡಿಯಿತು.

ಬಯೋಟಿನ್ ಮಾತ್ರೆ ತೆಗೆದುಕೊಳ್ಳಲಾ?

ಬಯೋಟಿನ್ ಅಂದರೆ ಬಿ ಗುಂಪಿನ ಒಂದು ವಿಟಮಿನ್. ಈ ಕಥೆ ಶುರುವಾದದ್ದು ಪ್ರಾಣಿಗಳ ಗೊರಸಿನಿಂದ. ಬಯೋಟಿನ್ ಕೊಟ್ಟಾಗ ಕುದುರೆ, ಹಂದಿಗಳ ಗೊರಸು ಗಟ್ಟಿಯಾದದ್ದು ಕಂಡು ಮನುಷ್ಯರ ಉಗುರಿಗೂ ಪ್ರಯತ್ನಿಸಿದರು. 1990ರ ಸುಮಾರಿಗೆ ಕೆಲವು ಅಧ್ಯಯನಗಳು ನಡೆದವು. ದಿನಕ್ಕೆ 2.5 ಮಿಲಿಗ್ರಾಂ (ಅಂದರೆ 2,500 ಮೈಕ್ರೋಗ್ರಾಂ) ತೆಗೆದುಕೊಂಡ ಕೆಲವರ ಉಗುರು ದಪ್ಪವಾಯಿತು. ಆದರೆ ಅವು ತೀರಾ ಸಣ್ಣ ಅಧ್ಯಯನಗಳು. ದೊಡ್ಡ, ಗಟ್ಟಿ ಪುರಾವೆ ಇನ್ನೂ ಇಲ್ಲ.

ದೊಡ್ಡವರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಮೊಟ್ಟೆ, ಕಡಲೆಕಾಯಿ, ಕಾಳು ತಿನ್ನುವವರಿಗೆ ಅದು ಊಟದಲ್ಲೇ ಸಿಗುತ್ತದೆ. ಅಂಗಡಿಯ ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂವರೆಗೆ ಇರುತ್ತದೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುವ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಒಂದು ವಿಷಯ ಮಾತ್ರ ತಮಾಷೆಯದ್ದಲ್ಲ. ಜಾಸ್ತಿ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ತೋರಿಸಬಲ್ಲದು. ಥೈರಾಯ್ಡ್ ಪರೀಕ್ಷೆ, ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆ ಎರಡೂ ಕೆಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಕೂದಲಿಗೆ, ಉಗುರಿಗೆ ಅಂತ ಏನಾದರೂ ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ಡಾಕ್ಟರಿಗೆ ಹೇಳಿ.

ಹಾಗಾದರೆ ಊಟಕ್ಕೂ ಉಗುರಿಗೂ ಸಂಬಂಧವೇ ಇಲ್ಲವಾ?

ಇದೆ. ಮುಖ್ಯವಾಗಿ ಕಬ್ಬಿಣದ ಅಂಶಕ್ಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಜನಕ್ಕೆ. ಕಬ್ಬಿಣ ತುಂಬಾ ಕಮ್ಮಿಯಾದರೆ ಉಗುರು ತೆಳ್ಳಗಾಗಿ, ಮಧ್ಯೆ ತಗ್ಗಾಗಿ, ಚಮಚದ ಹಾಗೆ ಆಗುತ್ತದೆ, ಒಂದು ಹನಿ ನೀರು ನಿಲ್ಲುವಷ್ಟು. ಜೊತೆಗೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಥೈರಾಯ್ಡ್ ಕಮ್ಮಿ ಇದ್ದವರಲ್ಲೂ ಉಗುರು ನಿಧಾನವಾಗಿ ಬೆಳೆದು ಪುಡಿಪುಡಿಯಾಗುತ್ತದೆ.

ಊಟದಲ್ಲಿ ಹೆಸರುಕಾಳು, ಹುರುಳಿ, ಮೊಟ್ಟೆ, ಮೀನು ಯಾವುದಾದರೂ ದಿನವೂ ಇರಲಿ. ಸೊಪ್ಪಿನ ಪಲ್ಯದ ಮೇಲೆ, ಕೋಸಂಬರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟ ಆದ ತಕ್ಷಣ ಕಾಫಿ, ಟೀ ಕುಡಿದರೆ ಅಷ್ಟು ಹತ್ತುವುದಿಲ್ಲ. ಒಂದು ಗಂಟೆ ತಡೆಯಿರಿ. ಕಷ್ಟ, ಗೊತ್ತು.

ನಿಂಬೆಹಣ್ಣು, ಬೆಳ್ಳುಳ್ಳಿ ಉಜ್ಜಿದರೆ ಗಟ್ಟಿಯಾಗುತ್ತದಂತೆ?

ಬೇಡ. ನಿಂಬೆರಸ ಕಲೆ ತೆಗೆಯುತ್ತದೆ, ಜೊತೆಗೆ ಒಣಗಿಸುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಕಪ್ಪಾಗಿ ಬೊಬ್ಬೆಯೂ ಬರಬಹುದು. ಹಸಿ ಬೆಳ್ಳುಳ್ಳಿ ಕಟ್ಟಿ ಬೆರಳು ಸುಟ್ಟುಕೊಂಡವರಿದ್ದಾರೆ. ನಿಂಬೆಹಣ್ಣು ಕೋಸಂಬರಿಗಿರಲಿ, ಬೆಳ್ಳುಳ್ಳಿ ಒಗ್ಗರಣೆಗಿರಲಿ.

ಉಗುರಿನ ಮೇಲೆ ಬಿಳಿ ಚುಕ್ಕೆ ಬಂದರೆ ಏನರ್ಥ?

ನಾವು ಚಿಕ್ಕವರಿದ್ದಾಗ ಸಂಜೆ ಬೆಳ್ಳಕ್ಕಿ ಸಾಲು ಹಾರಿಹೋದರೆ ಎರಡೂ ಕೈಯ ಉಗುರು ಉಜ್ಜುತ್ತಾ ಕೂಗುತ್ತಿದ್ದೆವು. ಬಿಳಿ ಚುಕ್ಕೆ ಬಿದ್ದರೆ ಬೆಳ್ಳಕ್ಕಿ ಕೊಟ್ಟಿದ್ದು. ಈಗ ಅದೇ ಚುಕ್ಕೆ ನೋಡಿ ಕ್ಯಾಲ್ಸಿಯಂ ಕೊರತೆ ಅನ್ನುತ್ತಾರೆ. ಎರಡೂ ಅಲ್ಲ. ಉಗುರಿನ ಬುಡಕ್ಕೆ ವಾರಗಳ ಹಿಂದೆ ಬಿದ್ದ ಸಣ್ಣ ಪೆಟ್ಟಿನ ಗುರುತು ಅದು. ಬೆಳೆದು ಹೋಗುತ್ತದೆ.

ಡೆಂಗಿ ಜ್ವರ ಬಂದು ಹೋದ ಮೇಲೆ ಎಲ್ಲ ಉಗುರಲ್ಲೂ ಅಡ್ಡ ಹಳ್ಳ ಬಿದ್ದಿದೆ. ಯಾಕೆ?

ಜೋರು ಜ್ವರದಲ್ಲಿ ದೇಹ ಉಗುರು ಬೆಳೆಸುವ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸುತ್ತದೆ. ಆ ರಜೆಯ ಗುರುತೇ ಹಳ್ಳ. ಬುಡದಿಂದ ಅದು 6 ಮಿಲಿಮೀಟರ್ ದೂರವಿದ್ದರೆ ಜ್ವರ ಬಂದು ಎರಡು ತಿಂಗಳಾಗಿದೆ ಅಂತ ಲೆಕ್ಕ. ಔಷಧಿ ಬೇಡ, ಗಿಡ್ಡ ಇಡಿ.

ಉಗುರುಸುತ್ತಿಗೆ ನಿಂಬೆಹಣ್ಣಿನೊಳಗೆ ಬೆರಳು ತೂರಿಸಬಹುದಾ?

ನಮ್ಮಜ್ಜಿ ನಿಂಬೆಹಣ್ಣು ಕೊರೆದು ಬೆರಳಿಗೆ ಟೋಪಿಯ ಹಾಗೆ ತೊಡಿಸುತ್ತಿದ್ದರು. ತಣ್ಣಗಿರುತ್ತದೆ, ಬೆರಳಿಗೆ ಪೆಟ್ಟು ತಾಗದಂತೆ ಕಾಪಾಡುತ್ತದೆ. ಆದರೆ ಒಳಗಿರುವ ಕೀವಿಗೆ ಅದು ಮದ್ದಲ್ಲ, ಚರ್ಮ ಒಡೆದಿದ್ದರೆ ಉರಿಯೂ ಹೌದು. ಶುರುವಿನಲ್ಲೇ ಆದರೆ ಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಅದ್ದಿ, ಚೆನ್ನಾಗಿ ಒರೆಸಿ. ಕೀವು ಕಟ್ಟಿದರೆ, ನೋವು ಪಟಪಟ ಮಿಡಿದರೆ ಮನೆಯಲ್ಲಿ ಸೂಜಿ ಚುಚ್ಚಬೇಡಿ, ಡಾಕ್ಟರ್ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಕಾಯುವುದೇ ಬೇಡ.

ಇನ್ನು ಯಾವುದಕ್ಕೆ ಡಾಕ್ಟರ್ ಬೇಕು?

ಉಗುರು ಹಳದಿಯಾಗಿ, ದಪ್ಪವಾಗಿ, ಅಡಿಯಲ್ಲಿ ಹಿಟ್ಟಿನ ಹಾಗೆ ಉದುರಿದರೆ ಫಂಗಸ್ ಇರಬಹುದು. ಕಾಲಿನಲ್ಲಿ ಇದು ಜಾಸ್ತಿ. ಔಷಧಿ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾದ್ದರಿಂದ, ಉಗುರಿನ ಚೂರನ್ನು ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಂಡೇ ಶುರು ಮಾಡಿ. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು ಚರ್ಮದ ಕಾಯಿಲೆಯಾದ ಸೋರಿಯಾಸಿಸ್‌ನಲ್ಲಿ ಬರುತ್ತವೆ. ಉಗುರು ಮಾಂಸದಿಂದ ಬಿಟ್ಟುಕೊಂಡು ಏಳುತ್ತಿದ್ದರೂ ತೋರಿಸಿ.

ಕಪ್ಪು ಗೆರೆಯ ವಿಷಯ ಸ್ವಲ್ಪ ಗಮನವಿಟ್ಟು ಓದಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಹಲವು ಉಗುರುಗಳ ಮೇಲೆ ಉದ್ದಕ್ಕೆ ಕಂದು ಗೆರೆ ಇರುವುದು ಸಾಮಾನ್ಯ. ಹೆಚ್ಚಾಗಿ ತೊಂದರೆ ಇಲ್ಲ. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಬಂದು, ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದರೆ, ಬಣ್ಣ ಬುಡದ ಚರ್ಮಕ್ಕೂ ಹರಡಿದ್ದರೆ ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸಿ. ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ.

ಉಗುರಿಗೆ ಉಗುರು ಉಜ್ಜಿದರೆ ಕೂದಲು ಬೆಳೆಯುತ್ತದೆ ಅಂತಾರಲ್ಲ, ಉಗುರೂ ಗಟ್ಟಿಯಾಗುತ್ತದಾ?

ಪಾರ್ಕಿನಲ್ಲಿ, ಬಸ್ಸಿನಲ್ಲಿ ಉಜ್ಜುತ್ತಾ ಕೂತವರನ್ನು ನಾನೂ ನೋಡಿದ್ದೇನೆ. ಕೂದಲಿನ ಮಾತಿಗೇ ಪುರಾವೆ ಇಲ್ಲ. ಪದರ ಬಿಡುವ ಉಗುರನ್ನಂತೂ ಹೀಗೆ ತಿಕ್ಕಬೇಡಿ.

ಹಿದುಕಿದ ಅವರೆಬೇಳೆ ಸಾರು ಬಿಡಬೇಕಾ ಹಾಗಾದರೆ?

ಛೇ, ಎಲ್ಲಾದರೂ ಉಂಟೇ! ಹಿಂದಿನ ದಿನವೇ ಉಗುರು ಗಿಡ್ಡ ಮಾಡಿಕೊಳ್ಳಿ. ಕೂರುವ ಮುಂಚೆ ಉಗುರಿಗೂ ಬುಡಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ, ಸೊಗಡೂ ಅಷ್ಟಾಗಿ ಅಂಟುವುದಿಲ್ಲ. ಕಾಳನ್ನು ನೀರಿನಿಂದ ಜರಡಿಗೆ ಬಸಿದುಕೊಂಡು ಹಿದುಕಿ. ಉಗುರಿನಿಂದ ಸಿಪ್ಪೆ ಸೀಳಬೇಡಿ. ಹೆಬ್ಬೆರಳು, ತೋರುಬೆರಳಿನ ಮೆತ್ತಗಿನ ಭಾಗದಲ್ಲಿ ಹಿಡಿದು ಒತ್ತಿದರೆ ಬೇಳೆ ತಾನಾಗಿ ಚಿಮ್ಮುತ್ತದೆ. ಮತ್ತೆ ಒಬ್ಬರೇ ಕೂರಬೇಡಿ, ಟಿವಿ ಮುಂದೆ ಕೂತ ಮನೆಯವರ ಮಡಿಲಿಗೂ ಒಂದು ತಟ್ಟೆ ಇಡಿ. ನಮ್ಮ ಮನೆಯಲ್ಲಿ ಈಗ ನಾಲ್ಕು ಜನ ಹಿದುಕುತ್ತೇವೆ, ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ.